ಜರ್ಮನ್ ಚೀಲದಲ್ಲಿ ನೆನೆಗಡಲೆ

ಯಾರ ಮನೆಗೆ ಹೋದರೂ ಚಹಾ ಕುಡಿದಾದ ಮೇಲೆ ಕಪ್ಪಿನ ಕೆಳಗಿನ ಬಸಿಯನ್ನು ಮಗುಚಿ ಅದರ ಬೆನ್ನಿನ ಮುದ್ರೆ ನೋಡುವ ಚಟ ನನಗಿದೆ. ಒಳ್ಳೆಯ ಚಟವೇನಲ್ಲ. ಬಸಿಯಲ್ಲಿ ಉಳಿದ ಚಹಾ ಎಷ್ಟೋ ಸಲ ನನ್ನ ಪೈಜಾಮದ ಮೇಲೆ ಇಳಿದಿದೆ. ಒಮ್ಮೆ ಅಣ್ಣನ ಮಗನಿಗೆ ಕನ್ಯೆ ನೋಡಲು ಕೊಣ್ಣೂರಿಗೆ ಹೋದಾಗಲೂ ಇದೇ ಕೆಲಸ ಮಾಡಿದೆ. ಬೀಗರಾಗಬೇಕಿದ್ದವರು ‘ಬಸಿ ನೋಡಿ ನಮ್ಮ ಅಂತಸ್ತು ಅಳೆಯುವ ಮಂದಿ ಇವರು’ ಎಂದು ಮುಖ ಗಂಟಿಕ್ಕಿಕೊಂಡರು. ಸಂಬಂಧ ಕೂಡಲಿಲ್ಲ. ಹುಡುಗ ಬೇರೆ ಕಡೆ ಮದುವೆಯಾಗಿ ಸುಖವಾಗಿದ್ದಾನೆ. ಆದರೂ ನಮ್ಮ ಅತ್ತಿಗೆ ಇವತ್ತಿಗೂ ನನಗೆ ಚಹಾವನ್ನು ಸ್ಟೀಲಿನ ಲೋಟದಲ್ಲೇ ಕೊಡುತ್ತಾರೆ.

ತಪ್ಪು ನನ್ನದಲ್ಲ, ನೌಕರಿಯದು. ಹುಕ್ಕೇರಿಯ ಒಂದು ಸರಕಾರಿ ಕಚೇರಿಯ ನಕಲು ಶಾಖೆಯಲ್ಲಿ ಮೂವತ್ತು ವರ್ಷ ಕೂತವನು ನಾನು. ಹಳೆಯ ಕಾಗದದ ನಕಲು ತೆಗೆದು, ಮೂಲದ ಜೊತೆ ಅಕ್ಷರಕ್ಕೆ ಅಕ್ಷರ ತಾಳೆ ನೋಡಿ, ಕೆಳಗೆ ‘ಖರೆ ನಕಲು’ ಎಂದು ಶಿಕ್ಕಾ ಹೊಡೆಯುವುದು ನನ್ನ ಕೆಲಸ. ಖರೆಯೂ ಹೌದು, ನಕಲೂ ಹೌದು ಎನ್ನುವ ವಸ್ತು ಜಗತ್ತಿನಲ್ಲಿ ಸರಕಾರದ ಹತ್ತಿರ ಮಾತ್ರ ಸಿಗುತ್ತದೆ. ಮುದುಕರು ಬರಲಿ, ಬಾಣಂತಿಯರು ಬರಲಿ, ‘ಮೂಲ ತರ್ರಿ’ ಎಂದು ತಿರುಗಿ ಕಳಿಸುತ್ತಿದ್ದೆ. ನಿವೃತ್ತನಾಗಿ ಗೋಕಾಕದ ಮನೆಯಲ್ಲಿ ಬಂದು ಕೂತ ಮೇಲೆ ತಿರುಗಿ ಕಳಿಸಲು ಯಾರೂ ಬರಲಿಲ್ಲ. ಹಾಗಾಗಿ ಬಸಿಗಳಿಗೆ ಗಂಟುಬಿದ್ದೆ. ಬಸಿಗಳನ್ನು ಮುಗಿಸಿ ಕಡೆಗೆ ನಮ್ಮ ಅಜ್ಜನಿಗೇ ಗಂಟುಬಿದ್ದೆ. ಅದನ್ನೇ ನಿಮಗೆ ಹೇಳಬೇಕು.

ಮೂಡಲಗಿಯಲ್ಲಿ ನಮ್ಮ ಮನೆತನಕ್ಕೆ ‘ಜರ್ಮನ್‌ದವರು’ ಎಂದು ಹೆಸರು. ಗೊತ್ತಿಲ್ಲದವರು ನಾವು ಜರ್ಮನ್ ಬೋಗುಣಿ, ಜರ್ಮನ್ ತಪ್ಪಲಿ ಮಾರುವವರು ಎಂದುಕೊಳ್ಳುತ್ತಾರೆ. ನನ್ನ ಹೆಂಡತಿಯ ತವರಿನವರು ಹಾಗೇ ತಿಳಿದು, ಅಲ್ಯೂಮಿನಿಯಮ್ ವ್ಯಾಪಾರ ಒಳ್ಳೆಯದು ಎಂದು ಹೆಣ್ಣು ಕೊಟ್ಟರು ಎಂಬ ಗುಮಾನಿ ನನಗಿದೆ. ಆದರೆ ಹೆಸರು ಬಂದದ್ದು ಪಾತ್ರೆಯಿಂದಲ್ಲ, ಅಜ್ಜ ಸಿದ್ದಪ್ಪನಿಂದ. ಅಜ್ಜ ಎರಡನೆಯ ದೊಡ್ಡ ಯುದ್ಧದಲ್ಲಿ ಇಂಗ್ರೇಜರ ಪಲ್ಟನ್ನಿನ ಜೊತೆ ಇಟಲಿಯ ಗುಡ್ಡಗಳವರೆಗೆ ಹೋಗಿ ಬಂದವನು. ಬರುವಾಗ ಒಬ್ಬ ಜರ್ಮನ್ ಅಧಿಕಾರಿಯ ಪಿಸ್ತೂಲಿನ ಚೀಲ ತಂದ. ಪಿಸ್ತೂಲು ಮೇಲಿನ ಸಾಹೇಬನ ಪಾಲಾಯಿತಂತೆ, ಖಾಲಿ ಚೀಲ ಅಜ್ಜನಿಗೆ ಉಳಿಯಿತಂತೆ. ಆ ಅಧಿಕಾರಿಯನ್ನು ಅಜ್ಜ ಹಿಡಿದ ಕಥೆಯನ್ನು ನಾನು ಹತ್ತು ಬಾಯಲ್ಲಿ ಹತ್ತು ಥರ ಕೇಳಿದ್ದೇನೆ. ಒಬ್ಬರ ಕಥೆಯಲ್ಲಿ ಆತ ಆರೂವರೆ ಅಡಿ ಆಳು, ಇನ್ನೊಬ್ಬರ ಕಥೆಯಲ್ಲಿ ಒಕ್ಕಣ್ಣ, ಕಿರಾಣಿ ಅಂಗಡಿಯ ಕಲ್ಲಪ್ಪನ ಕಥೆಯಲ್ಲಿ ಸಾಯುವ ಮೊದಲು ಕನ್ನಡದಲ್ಲಿ ನೀರು ಕೇಳಿದ. ಅಜ್ಜ ಮಾತ್ರ ಏನೂ ಹೇಳುತ್ತಿರಲಿಲ್ಲ. ಎಲೆ ಅಡಿಕೆ ಜಗಿಯುತ್ತ ‘ಹೂಂ’ ಅನ್ನುತ್ತಿದ್ದ. ಶೂರರ ಲಕ್ಷಣವೇ ಅದು ಎಂದು ಊರು ಇನ್ನಷ್ಟು ನಂಬಿತು.

ಚೀಲ ಗಟ್ಟಿ ಚರ್ಮದ್ದು. ಗೇಣಿಗಿಂತ ಸ್ವಲ್ಪ ಉದ್ದ, ಮೇಲೊಂದು ಮುಚ್ಚಳ, ಹಿಂದೆ ಬೆಲ್ಟಿಗೆ ಎರಡು ಕುಣಿಕೆ, ಮುಂದಿನ ಅಂಚಿಗೆ ಒಂದು ಪುಟ್ಟ ಖಾನೆ. ಆ ಖಾನೆಯಲ್ಲಿ ಹೆಚ್ಚಿನ ಗುಂಡಿನ ಪಟ್ಟಿ ಇಡುವುದಂತೆ. ಅಜ್ಜ ಸುಣ್ಣದ ಡಬ್ಬಿ ಇಡುತ್ತಿದ್ದ. ವರ್ಷವಿಡೀ ಮೊಳೆಗೆ ತೂಗುವ ಚೀಲ ಖಂಡೇನವಮಿಯ ದಿನ ಕೆಳಗಿಳಿದು ಕುಡಗೋಲು, ಕೊಡಲಿ, ಈಳಿಗೆಗಳ ನಡುವೆ ಮುಖ್ಯ ಅತಿಥಿಯ ಹಾಗೆ ಕೂರುತ್ತಿತ್ತು. ವಿಭೂತಿ, ಕುಂಕುಮ, ಚೆಂಡುಹೂವು ಎಲ್ಲ ಆದ ಮೇಲೆ ಅಜ್ಜ ನಮ್ಮನ್ನು ಸಾಲಾಗಿ ಕರೆದು, ಚೀಲದ ಬಾಯಿಗೆ ನೆನೆಗಡಲೆ ಹಾಕಿಸುತ್ತಿದ್ದ. ಮುಷ್ಟಿಯಿಂದ ಸುರುವುವಂತಿರಲಿಲ್ಲ. ಅಂಗೈ ಚಪ್ಪಟೆ ಬಿಚ್ಚಿ, ಬೆರಳು ಹಿಂದಕ್ಕೆ ಬಾಗಿಸಿ, ಕಡಲೆಯನ್ನು ಅದರ ಮೇಲಿಟ್ಟು ಬಾಯಿಯ ತನಕ ಒಯ್ಯಬೇಕು. ಬೆರಳು ಮಡಚಿದರೆ ‘ಅಂಗೈ ಬಿಚ್ಚು’ ಎಂದು ತಲೆಗೊಂದು ಬೀಳುತ್ತಿತ್ತು. ಶಾಸ್ತ್ರ ಇರಬೇಕು ಎಂದು ಸುಮ್ಮನಿದ್ದೆವು. ಕಡಲೆ ಅಂದರೆ ಗುಂಡಿನ ಬದಲಿ ಎಂಬುದು ನನ್ನ ಎಂಟನೆಯ ವಯಸ್ಸಿನ ಸಂಶೋಧನೆ. ಆಮೇಲೆ ಅದೇ ಕಡಲೆ ಪ್ರಸಾದವಾಗಿ ನಮ್ಮ ಕೈಗೆ ಬರುತ್ತಿದ್ದುದರಿಂದ, ಜರ್ಮನ್ ಗುಂಡು ತಿಂದೂ ಬದುಕಿದವರು ನಾವು ಎಂದು ಶಾಲೆಯಲ್ಲಿ ಹೇಳಿಕೊಂಡು ತಿರುಗಿದ್ದೆ.

ಅಜ್ಜ ಸಾಯುವಾಗ ಹೊಲಮನೆ ಗಂಡುಮಕ್ಕಳಿಗೆ ಬಿಟ್ಟ, ಚೀಲವನ್ನು ಮಾತ್ರ ಮಗಳಿಗೆ ಕೊಟ್ಟ. ಆಕೆ ನನ್ನ ಅತ್ತಿ ಚೆನ್ನವ್ವ, ಮೂಡಲಗಿಯಲ್ಲೇ ಕೊಟ್ಟವಳು. ಶೌರ್ಯದ ಗುರುತನ್ನು ಹೆಣ್ಣುಮಗಳಿಗೆ ಕೊಟ್ಟನಲ್ಲ ಎಂದು ನಮ್ಮಪ್ಪ ಕೊನೆಯವರೆಗೂ ಗೊಣಗುತ್ತಿದ್ದ.

ಹೋದ ವರ್ಷ ಹುಕ್ಕೇರಿಯಲ್ಲಿ ಮಾಜಿ ಸೈನಿಕರೆಲ್ಲ ಸೇರಿ ಒಂದು ಸಣ್ಣ ಸಭಾಗೃಹ ಕಟ್ಟಿಸಿದರು. ಅದರಲ್ಲೊಂದು ಗಾಜಿನ ಪೆಟ್ಟಿಗೆ. ಸುತ್ತಲಿನ ಮನೆಗಳಲ್ಲಿರುವ ಯುದ್ಧದ ವಸ್ತುಗಳನ್ನು ಅದರಲ್ಲಿಟ್ಟು, ಕೆಳಗೆ ಆಯಾ ಸೈನಿಕನ ಹೆಸರು ಬರೆಯುವುದು ಎಂದು ಠರಾಯಿಸಿದರು. ಮುಂದಾಳು ಹತ್ತರಗಿಯ ಒಬ್ಬ ನಿವೃತ್ತ ಸುಭೇದಾರರು. ಅವರ ಮುಂದೆ ನಾನು ಯಾರೂ ಕೇಳದಿದ್ದರೂ ಎದೆಯುಬ್ಬಿಸಿ, ‘ನಮ್ಮಲ್ಲಿ ಜರ್ಮನ್ ಅಧಿಕಾರೀದು ಪಿಸ್ತೂಲ ಚೀಲ ಐತ್ರಿ’ ಎಂದೆ. ಸುಭೇದಾರರು ಸಂತೋಷಪಟ್ಟು, ಪೆಟ್ಟಿಗೆಯ ನಟ್ಟನಡುವಿನ ಜಾಗ ಅದಕ್ಕೇ ಎಂದರು. ಆಮೇಲೆ ಮೆಲ್ಲಗೆ, ‘ಸಾಹೇಬ್ರ, ಅದು ಖರೇನಽ ಜರ್ಮನ್ದು ಅನ್ನಾಕ ಏನರ ಆಧಾರ ಐತೇನ್ರಿ? ನಾಳೆ ಯಾರರ ಸುಳ್ಳಂದ್ರ ನಿಮ್ಮ ಅಜ್ಜಾರ ಹೆಸರ ನಾವಽ ಕೆಡಿಸಿದಂಗ ಆಕ್ಕೈತಿ’ ಎಂದರು. ಮೂವತ್ತು ವರ್ಷ ಊರಿಗೆಲ್ಲ ‘ಮೂಲ ತರ್ರಿ’ ಎಂದವನಿಗೆ ತಿರುಗಿ ಬಂದ ಮಾತು ಅದು. ಮಾಡಿದ್ದುಣ್ಣೋ ಮಹರಾಯ.

ಚೀಲ ತರಲು ಮೂಡಲಗಿಗೆ ಹೋದೆ. ಅತ್ತಿ ಮೊಳೆಯಿಂದ ಇಳಿಸಿ ಸೆರಗಿನಿಂದ ಒರೆಸಿ ಕೊಟ್ಟಳು.

‘ಒಯ್ಯಿ ಶಿವ್ಯಾ. ನೀರ ಹಚ್ಚಬ್ಯಾಡ. ನವಮಿ ಮುಂದ ತಂದ ಕೊಡು. ಇದರಾಗ ಏನ ಹುಡುಕಾಂವ ನೀ?’

‘ಹದ್ದಿನ ಮುದ್ರಿ ಅತ್ತಿ. ಜರ್ಮನ್ ಮಾಲಿಗೆ ಹದ್ದ ಇರತೈತಂತ.’

‘ಸಿಕ್ಕರ ನನಗೂ ಹೇಳು,’ ಎಂದು ನಕ್ಕಳು. ಆ ನಗು ನನಗೆ ಆಗ ತಿಳಿಯಲಿಲ್ಲ.

ಮುಂದಿನ ಎರಡು ತಿಂಗಳು ನಾನು ಮನೆಯವರಿಗೆ ಕೊಟ್ಟ ಕಾಟ ಅಷ್ಟಿಷ್ಟಲ್ಲ. ಫೋನಿನಲ್ಲಿ ಇಂಥ ಚೀಲಗಳನ್ನು ಕೂಡಿಡುವವರ ಒಂದು ಗುಂಪು ಸಿಕ್ಕಿತು. ದೇಶ ದೇಶದವರು, ಒಬ್ಬರಿಗಿಂತ ಒಬ್ಬರು ಸಂಶಯಪಿಶಾಚಿಗಳು. ನಮ್ಮ ಶಾಖೆಯಲ್ಲಿ ಇರಬೇಕಾದವರು. ಅವರು ಹೇಳಿಕೊಟ್ಟ ಪಾಠ ಇಷ್ಟು: ಅಸಲಿ ಚೀಲದ ಬೆನ್ನಿಗೆ ಮಾಡಿದವನ ಹೆಸರು ಇಲ್ಲವೇ ಗುರುತಿನ ಅಕ್ಷರ, ವರ್ಷ, ಪುಟ್ಟ ಹದ್ದು ಇರುತ್ತದೆ. ಮುಚ್ಚಳದೊಳಗೆ ಪಿಸ್ತೂಲು ಬಿಚ್ಚುವ ಸಲಕರಣೆಗೆಂದು ಒಂದು ಕಿರುಜೇಬು ಇರುತ್ತದೆ. ಹೊಲಿಗೆ ಒಂದೇ ಅಂತರದಲ್ಲಿ ಹೋಗಿರಬೇಕು. ಮೂಸಿದರೆ ಹಳೆಯ ಚರ್ಮದ ವಾಸನೆ ಬರಬೇಕು, ಆಡಿನ ವಾಸನೆ ಬಂದರೆ ಅದು ಈಚಿನ ನಕಲು. ಆ ನಕಲುಗಳು ಎಲ್ಲಿಂದ ಬರುತ್ತವೆ ಎಂದು ಕೇಳಿದೆ. ಬಹಳಷ್ಟು ನಿಮ್ಮ ದೇಶದಿಂದಲೇ ಎಂದರು. ಅವಮಾನವಾಯಿತು, ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಆಯಿತು.

ಊಟದ ಟೇಬಲ್ಲಿನ ಮೇಲೆ ಚೀಲ, ಕೈಯಲ್ಲಿ ಭೂತಗನ್ನಡಿ. ಹೊಲಿಗೆಗಳನ್ನು ಎಣಿಸಿದೆ, ಅಳೆದೆ, ಮೂಸಿದೆ. ‘ಅದನ್ನ ಮೂಸೂದ ಬಿಟ್ಟ ಒಲಿ ಮ್ಯಾಲಿನ ಬ್ಯಾಳಿ ಹೊತ್ತೇತೇನ ಮೂಸ ನೋಡ್ರಿ,’ ಎಂದು ಹೆಂಡತಿ ಒಳಗಿನಿಂದ ಕೂಗಿದಳು. ಬೇಳೆ ಹೊತ್ತಿತ್ತು. ಚೀಲದಿಂದ ಕುಂಕುಮದ ವಾಸನೆ ಬಿಟ್ಟು ಬೇರೇನೂ ಬರಲಿಲ್ಲ. ಎಪ್ಪತ್ತು ನವಮಿಗಳ ವಿಭೂತಿ, ಎಣ್ಣೆ, ಅರಿಷಿಣ ಬೆನ್ನಿನ ಮೇಲೆ ಕೆನೆಗಟ್ಟಿ ಕೂತಿತ್ತು. ಜರ್ಮನಿಯ ಗುರುತನ್ನು ಹೀಗೆ ಭಕ್ತಿಯಿಂದ ಮುಚ್ಚಿಹಾಕಿದ ಮನೆತನ ಇನ್ನೊಂದು ಇರಲಾರದು. ನೀರು ಹಚ್ಚುವಂತಿಲ್ಲವಲ್ಲ, ಹಾಗಾಗಿ ಕಿವಿಗೆ ಹಾಕುವ ಹತ್ತಿಕಡ್ಡಿಯಿಂದ ಒಣಗಿದ್ದನ್ನು ಕೆರೆಯುತ್ತ ಕೂತೆ. ನಾಲ್ಕನೆಯ ದಿನ ಕಂಡಿತು! ಮೂರು ಗೆರೆ ಒಂದು ತುದಿಯಲ್ಲಿ ಕೂಡಿದ್ದವು. ಕೆಳಗೆ ಮೂರು ಅಂಕಿ. ಹದ್ದಿನ ಕಾಲು! ಮೈ ಸವೆದು ಹೋಗಿದೆ, ಕಾಲು ಉಳಿದಿದೆ. ಕಾಲಿದ್ದ ಮೇಲೆ ಹಕ್ಕಿ ಇರಲೇಬೇಕು. ಅಂಕಿಗಳು ಜರ್ಮನ್ ಕಾರಖಾನೆಯ ಗುಟ್ಟಿನ ಸಂಖ್ಯೆ. ಮುಂದಿನ ಖಾನೆ ಗುಂಪಿನವರು ಹೇಳಿದ ಅಳತೆಗಿಂತ ಅರ್ಧಕ್ಕರ್ಧ ಗಿಡ್ಡವಿತ್ತು, ಮುಚ್ಚಳದೊಳಗೆ ಕಿರುಜೇಬೂ ಇರಲಿಲ್ಲ. ಅದಕ್ಕೆಲ್ಲ, ಇದು ಅಪರೂಪದ ಮಾದರಿ ಎಂದು ನಾನೇ ತೀರ್ಪು ಕೊಟ್ಟುಕೊಂಡೆ. ಕಕ್ಷಿದಾರರು ಹೀಗೆ ವಾದಿಸಿದ್ದರೆ ಕಚೇರಿಯಿಂದ ಹೊರಗೆ ಹಾಕುತ್ತಿದ್ದೆ.

ಪೂರ್ತಿ ಖಾತ್ರಿಗೆಂದು ನಮ್ಮ ಗೋಕಾಕದ ವಿಠ್ಠಲ ಜೀನಗಾರನ ಹತ್ತಿರ ಒಯ್ದೆ. ಅವನು ಕಟ್ಟಿಗೆಯಲ್ಲಿ ಬಾಳೆಹಣ್ಣು, ಸೀತಾಫಲ, ಬದನೆಕಾಯಿ ಮಾಡಿ ಬಣ್ಣ ಹಚ್ಚುವವನು. ಅವನು ಮಾಡಿದ ಸೀತಾಫಲ ನಮ್ಮ ಮನೆಯಲ್ಲಿದೆ, ಅದನ್ನು ಒಡೆಯಲು ಹೋಗಿ ಬೀಗರೊಬ್ಬರು ಉಗುರು ಮುರಿದುಕೊಂಡಿದ್ದಾರೆ. ಆದರೆ ಅವನ ಹಿರಿಯರು ಕುದುರೆಯ ಜೀನು ಹೊಲಿಯುತ್ತಿದ್ದವರು. ಹಣ್ಣಿನ ನಕಲು ಮಾಡುವವನ ಮುಂದೆ ಅಸಲಿನ ಪರೀಕ್ಷೆಗೆ ಕೂತೆನಲ್ಲ ಎಂದು ನಾನೇ ನಗೆಯಾಡಿದೆ. ‘ನಕಲ ಮಾಡಾಂವ್ಗಽ ಅಸಲ ಗೊತ್ತಿರಬೇಕ್ರಿ, ಸರ,’ ಎಂದ ವಿಠ್ಠಲ, ಬಣ್ಣದ ಕೈ ಒರೆಸಿಕೊಂಡು.

ನಾನು ಹದ್ದಿನ ಕಾಲು ತೋರಿಸಲು ತವಕಿಸುತ್ತಿದ್ದರೆ ಅವನು ಬೆನ್ನು ನೋಡಲೇ ಇಲ್ಲ. ಮುಂದಿನ ಖಾನೆಯಲ್ಲಿ ಇನ್ನೂ ಉಳಿದಿದ್ದ ಅಜ್ಜನ ಸುಣ್ಣದ ಡಬ್ಬಿಯನ್ನು ಹೊರಗೆ ತೆಗೆದ, ಮತ್ತೆ ಒಳಗೆ ಒತ್ತಿದ. ಅದು ಟಪ್ಪೆಂದು ಕೂತಿತು.

‘ಸರ, ಈ ಖಾನೆ ಯಾತಕ್ರಿ?’

‘ಹೆಚ್ಚಿನ ಗುಂಡಿನ ಪಟ್ಟಿಗೆ.’

‘ಅಲ್ರಿ. ಸುಣ್ಣದ ಡಬ್ಬಿಗಿ. ಡಬ್ಬಿ ಮುಂದ ಇಟಗೊಂಡ ಅಳತಿ ತಗದಾರ. ನಡುವ ಗಾಳಿ ಹೋಗಾಕ ಜಾಗಿಲ್ಲ ನೋಡ್ರಿ. ಜರ್ಮನ್ ಸಾಹೇಬ ಎಲಿ ಅಡಕಿ ತಿಂತಿದ್ನೇನ್ರಿ?’

ವಿಠ್ಠಲ ಮುಚ್ಚಳದ ಅಂಚಿಗೆ ಉಗುರು ಓಡಿಸಿ, ಹೊಲಿಗೆ ಮುಗಿಯುವಲ್ಲಿ ನಿಲ್ಲಿಸಿದ. ಒಳಗೆ ಹೋಗಿ ಕುದುರೆಗೆ ಹಾಕುವ ಒಂದು ಹಳೆಯ ಚರ್ಮದ ಮುಖಪಟ್ಟಿ ತಂದು ಪಕ್ಕದಲ್ಲಿಟ್ಟ. ಎರಡರಲ್ಲೂ ದಾರ ಮೂರು ಹೊಲಿಗೆ ಹಿಂದಕ್ಕೆ ಬಂದು ಎರಡು ಪದರಗಳ ನಡುವೆ ಅಡಗಿತ್ತು.

‘ಇದು ನಮ್ಮ ಅಜ್ಜನ ಕೈರಿ, ಸರ. ಗಂಟ ಕಾಣಬಾರದು ಅಂತಿದ್ದಾ ಅಂವ. ಇದು ಗೋಕಾಕದಾಗ, ಈ ಕಟ್ಟೀ ಮ್ಯಾಲನಽ ಆದದ್ದು. ಆದ್ರ ಚರ್ಮ ನಮ್ಮೂರಂದಲ್ಲ. ಈ ಹಳೇ ತೂತ ನೋಡ್ರಿ, ಚೀಲಕ್ಕ ಸಂಬಂಧ ಇಲ್ಲ. ಮೊದಲ ಇದು ಯಾವದೋ ದನಗೋಳ ಮೈಮ್ಯಾಲಿನ ಪಟ್ಟಾ. ಒಳಗ ಕೂದಲ ಐತಿ. ಮತ್ತ ನಿಮ್ಮ ಹದ್ದಿನ ಕಾಲು…’ ಅವನು ಸಂಕೋಚಪಟ್ಟ. ‘ಅದು ಬಾಣರಿ. ಇಂಗ್ರೇಜ ಸರಕಾರ ತನ್ನ ಮಾಲಿಗೆಲ್ಲಾ ಹೊಡೀತಿತ್ತು.’

ಮನೆಗೆ ಬರುವಾಗ ಚೀಲವನ್ನು ಪೇಪರಿನಲ್ಲಿ ಸುತ್ತಿಕೊಂಡು ಬಂದೆ. ಅಜ್ಜನ ಮೇಲೆ ಸಿಟ್ಟು ಬಂತು. ಊರಿಗೆ ಊರೇ ಕೈಮುಗಿದ ಶೂರ ನನ್ನ ಈಗಿನ ಮನೆಯಿಂದ ಎರಡು ಓಣಿ ಆಚೆ ಕೂತು ಶೌರ್ಯ ಹೊಲಿಸಿಕೊಂಡಿದ್ದ! ಅದಕ್ಕಿಂತ ಹೆಚ್ಚು ಸಿಟ್ಟು ನನ್ನ ಮೇಲೆ ಬಂತು. ಎಪ್ಪತ್ತು ವರ್ಷ ಯಾರೂ ಕೇಳದ ಆಧಾರವನ್ನು ಕೇಳಿದವನು ನಾನು, ಸತ್ತವನ ಮರ್ಯಾದೆಯನ್ನು ಹತ್ತಿಕಡ್ಡಿಯಿಂದ ಕೆರೆದು ತೆಗೆದವನು ನಾನು. ಅತ್ತಿಯ ಮುಂದೆ ಏನು ಹೇಳುವುದು? ಎಪ್ಪತ್ತು ದಾಟಿದ ಮುದುಕಿ, ಜೀವಮಾನವಿಡೀ ಅಪ್ಪನ ಚೀಲಕ್ಕೆ ಕುಂಕುಮ ಹಚ್ಚಿದವಳು.

ಹೇಳದೇ ಇರಲಾಗಲಿಲ್ಲ. ಅರ್ಧ ಕಿಲೋ ಕರದಂಟು ಕಟ್ಟಿಸಿಕೊಂಡು ಮೂಡಲಗಿಗೆ ಹೋದೆ.

‘ಹಲ್ಲಿಲ್ಲದಾಕಿಗೆ ಕರದಂಟ ತಂದಿ ಅಂದ್ರ ಏನೋ ಎಡವಟ್ಟ ಮಾಡೀದಿ,’ ಎಂದಳು ಅತ್ತಿ. ನಾನು ತೊದಲುತ್ತ ಎಲ್ಲ ಹೇಳಿದೆ. ಡಬ್ಬಿಯ ಅಳತೆ, ಮೂರು ಹೊಲಿಗೆ, ಬಾಣ. ಅತ್ತಿ ಅಳಲಿಲ್ಲ. ಕರದಂಟಿನ ಒಂದು ಚೂರು ಬಾಯಲ್ಲಿಟ್ಟು ನೆನೆಸುತ್ತ ಕೂತಳು.

‘ಹದ್ದ ಸಿಗಲಿಲ್ಲ ಹಂಗಾರ.’

‘ನಿನಗ ಗೊತ್ತಿತ್ತೇನ ಅತ್ತಿ?’

‘ನನಗೊಬ್ಬಾಕಿಗೇ ಹೇಳಿದ್ದ ಅಪ್ಪ. ಅಂವ ಅಲ್ಲಿ ಬಂದೂಕ ಹಿಡದಾಂವಲ್ಲೋ, ಹೇಸರಗತ್ತಿ ಲಗಾಮ ಹಿಡದಾಂವ. ಗುಡ್ಡದ ಮ್ಯಾಲೆ ಗುಂಡು, ರೊಟ್ಟಿ, ನೀರು ಎಲ್ಲಾ ಅದರ ಬೆನ್ನ ಮ್ಯಾಲೆ ಹೋಗ್ತಿತ್ತಂತ. ಒಮ್ಮೆ ಅಪ್ಪನ ತೊಡಿಗೆ ಪೆಟ್ಟ ಬಿತ್ತು. ಮಂದಿ ಎಲ್ಲಾ ದಿಕ್ಕಾಪಾಲ. ಅದೊಂದ ಓಡಿ ಹೋಗಲಿಲ್ಲ, ಬಾಜೂಕ ನಿಂತಿತಂತ. ಅದರ ಪಟ್ಟಾ ಹಿಡದ ಎದ್ದ, ಪಟ್ಟಾ ಹಿಡಕೊಂಡಽ ಗುಡ್ಡ ಇಳದ. ಯುದ್ಧ ಮುಗದ ಮ್ಯಾಲೆ ಮಂದೀನ ಹಡಗ ಹತ್ತಿಸಿದ್ರು, ಅದನ್ನ ಅಲ್ಲೇ ಬಿಡ್ರಿ ಅಂದ್ರು. ಅಪ್ಪ ಪಟ್ಟಾ ಕೊಯ್ಕೊಂಡು ಟ್ರಂಕಿನ ತಳಕ್ಕ ಮುಚ್ಚಿಟ್ಟ. ಸರಕಾರಿ ಮಾಲು, ಸಿಕ್ಕಿದ್ರ ಜೇಲು.’

ಊರಿಗೆ ಬಂದ ವರ್ಷ ಅಜ್ಜ ಆ ಪಟ್ಟಾವನ್ನು ನವಮಿಯ ಪೂಜೆಗೆ ಇಟ್ಟನಂತೆ. ಅವನ ದೊಡ್ಡಪ್ಪ, ಕತ್ತೆಯ ಪಟ್ಟಾಕ್ಕೆ ಊದಿನಕಡ್ಡಿ ಬೆಳಗುತ್ತೀಯೇನೋ ಎಂದು ಎತ್ತಿ ಅಂಗಳಕ್ಕೆ ಒಗೆದನಂತೆ. ನೆರೆದವರೆಲ್ಲ ನಕ್ಕರಂತೆ. ಮರುವರ್ಷ ಅದೇ ಚರ್ಮ ಗೋಕಾಕಕ್ಕೆ ಹೋಗಿ ಪಿಸ್ತೂಲಿನ ಚೀಲವಾಗಿ ಬಂತು. ನಕ್ಕವರೆಲ್ಲ ಸಾಲಾಗಿ ನಿಂತು ಕೈಮುಗಿದರು.

‘ಅಪ್ಪ ಸುಳ್ಳ ಹೇಳಲಿಲ್ಲ, ಶಿವ್ಯಾ,’ ಎಂದಳು ಅತ್ತಿ. ‘ಜರ್ಮನ್ದವಂದೇನೋ ಅಂತ ಮಂದಿ ಕೇಳಿದ್ರು. ಅಂವ ಹೂಂ ಅಂದ. ಅಷ್ಟಽ.’

‘ಆ ಅಂಕಿ ಏನ ಅತ್ತಿ?’

‘ಅದರ ನಂಬರ. ಸರಕಾರ ಅದಕ್ಕ ನಂಬರ ಅಷ್ಟಽ ಕೊಟ್ಟಿತ್ತು. ಹೆಸರ ಅಪ್ಪ ಇಟ್ಟಿದ್ದ.’

‘ಏನಂತ?’

ಅತ್ತಿ ನನ್ನನ್ನೇ ನೋಡಿದಳು. ‘ನನ್ನ ಹೆಸರೇನೋ?’

‘ಚೆನ್ನವ್ವ.’

‘ಹಾಂ. ಚೆನ್ನಿ ಅಂತಿದ್ದ ಅದಕ್ಕ. ಅದು ಮೂಲ, ನಾ ನಕಲ,’ ಎಂದು ಹಲ್ಲಿಲ್ಲದ ಬಾಯಿ ಅಗಲಿಸಿ, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ನನ್ನ ಕಣ್ಣಲ್ಲೂ ನೀರು ಬಂತು. ಅದು ನಗೆಯದು ಎಂದು ಶಿಕ್ಕಾ ಹೊಡೆಯಲಾರೆ.

ಹುಕ್ಕೇರಿಗೆ ಹೋದಾಗ ಸುಭೇದಾರರು ಚೀಟಿ ಬರೆಸಿಯೇ ಇಟ್ಟಿದ್ದರು. ‘ಜರ್ಮನ್ ಅಧಿಕಾರಿಯ ಪಿಸ್ತೂಲಿನ ಚೀಲ’ ಎಂದು, ಕೆಳಗೆ ಅಜ್ಜನ ಹೆಸರು. ನಾನು ನಡೆದದ್ದನ್ನು ಹೇಳಿ, ಚೀಟಿಯಲ್ಲಿ ಚೆನ್ನಿಯ ಹೆಸರು ಬರೆಯೋಣ ಎಂದೆ. ಅವರು ಒಳ್ಳೆಯ ಮನುಷ್ಯರು, ನನ್ನನ್ನು ಪೆಟ್ಟಿಗೆಯ ಮುಂದೆ ಕರೆದೊಯ್ದರು. ‘ಸಾಹೇಬ್ರ, ಈ ಬಾಜೂ ಖಡ್ಗ, ಆ ಬಾಜೂ ಪದಕ. ನಡುವ ಹೇಸರಗತ್ತಿ ಪಟ್ಟಾ ಇಟ್ರ ಹೆಂಗ ಕಾಣತೈತಿ ನೀವಽ ಹೇಳ್ರಿ. ಜರ್ಮನ್ ಅಂತಽ ಇರಲಿ ಬಿಡ್ರಿ. ನಿಮ್ಮ ಅಜ್ಜಾರೂ ಹೂಂ ಅಂದಿದ್ರಲ್ಲ?’

ಒಂದು ‘ಹೂಂ’ ಸಾಕಿತ್ತು. ಅಜ್ಜ ಗಾಜಿನೊಳಗೆ ಶೂರನಾಗಿ ಉಳಿಯುತ್ತಿದ್ದ, ನಾನು ಶೂರನ ಮೊಮ್ಮಗ ಎಂದು ಮೊದಲ ಸಾಲಿನಲ್ಲಿ ಕೂರುತ್ತಿದ್ದೆ. ಆಸೆಯಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಅಜ್ಜನ ದೊಡ್ಡಪ್ಪ ಅಂಗಳಕ್ಕೆ ಒಗೆದ ಪಟ್ಟಾವನ್ನು ನಾನು ಇನ್ನೊಮ್ಮೆ ಒಗೆದಂತಾಗುತ್ತಿತ್ತು. ಚೀಲವನ್ನು ಬಗಲಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಆ ನಡುವಿನ ಜಾಗದಲ್ಲಿ ಈಗ ಒಂದು ತಗಡಿನ ಟೊಪ್ಪಿಗೆ ಇದೆ. ಅದರ ಬೆನ್ನನ್ನು ನಾನು ನೋಡಲು ಹೋಗಿಲ್ಲ.

ಈ ಸಲ ಖಂಡೇನವಮಿಗೆ ಮೂಡಲಗಿಯಲ್ಲೇ ಇದ್ದೆ. ಕುಡಗೋಲು, ಕೊಡಲಿಗಳ ನಡುವೆ ಚೀಲ ಎಂದಿನಂತೆ ಕೂತಿತ್ತು. ಅತ್ತಿ ಕಡಲೆಯ ಬಟ್ಟಲನ್ನು ನನ್ನ ಮುಂದೆ ಸರಿಸಿದಳು. ನಾನು ಒಂದು ಹಿಡಿ ತೆಗೆದುಕೊಂಡು, ನನ್ನ ಗುಂಡಿನ ಸಂಶೋಧನೆ ನೆನಪಾಗಿ ಒಳಗೇ ನಗುತ್ತ, ಮುಷ್ಟಿಯಿಂದಲೇ ಸುರುವಲು ಹೋದೆ. ಅತ್ತಿ ಮಣಿಕಟ್ಟು ಹಿಡಿದಳು.

‘ಅಂಗೈ ಬಿಚ್ಚೋ,’ ಎಂದಳು ಮೆಲ್ಲಗೆ. ‘ಹಂಗ ಹಿಡದ್ರ ಚೆನ್ನಿ ಬೆರಳ ಕಚ್ಚೀತು.’

ನಾನು ಬೆರಳು ಹಿಂದಕ್ಕೆ ಬಾಗಿಸಿ, ಅಂಗೈ ಚಪ್ಪಟೆ ಮಾಡಿ, ಚೀಲದ ಬಾಯಿಗೆ ಹಿಡಿದೆ.